ಏಳು ಸುತ್ತಿನ ನಡುವೆ ಓಟಿನ ಗಡಿಗೆ

ನಮ್ಮ ಬಳಗಕ್ಕೆ ಸರಿಯಾದ ಚುನಾವಣೆ ಬೇಕು ಎಂದು ಹಠ ಹಿಡಿದವಳು ನಾನೇ. ಅದಕ್ಕೆ ಮೊದಲು ಆಡಳಿತ ಮಂಡಳಿಯ ಆಯ್ಕೆ ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯುತ್ತಿತ್ತು. ಯಾರೋ ಒಬ್ಬರು ಹೋದ ಸಲದವರೇ ಇರಲಿ ಅನ್ನುತ್ತಿದ್ದರು, ಉಳಿದವರು ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟುತ್ತಿದ್ದರು. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದ ನನಗೆ ಈ ಸಡಿಲತನ ಹಿಡಿಸುತ್ತಿರಲಿಲ್ಲ. ನಾನು ಬೆಳೆದದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ. ಈಗಲೂ ಮಧುಗಿರಿಯಲ್ಲಿ ಐದಕ್ಕೆ ಎದ್ದು, ಐದೂಕಾಲಿಗೆ ಹೊರಟು ಬೆಟ್ಟದ ಬುಡದವರೆಗೆ ನಡೆದು ಬಂದು, ಆರೂವರೆಗೆ ಹಾಲು ಒಲೆಯ ಮೇಲಿಡುತ್ತೇನೆ. ಚುನಾವಣೆಯ ದಿನಗಳಲ್ಲಿ ಶಿಕ್ಷಕರು ಮಾಡುವ ಮತಗಟ್ಟೆ ಕೆಲಸವನ್ನೂ ಎಷ್ಟೋ ಸಲ ಮಾಡಿದ್ದೇನೆ. ಹಾಗಾಗಿ ಹಠ ಹಿಡಿದವಳೇ ಚುನಾವಣಾಧಿಕಾರಿಯೂ ಆಗಲಿ ಎಂದು ಎಲ್ಲರೂ ನಕ್ಕು ನನಗೇ ಗಂಟು ಹಾಕಿದರು.

ನಮ್ಮದು ಏಳು ಸುತ್ತಿನ ಕೋಟೆಯ ಹುಚ್ಚು ಹತ್ತಿದವರ ಬಳಗ. ಸ್ಲೇಟಿನ ಮೇಲೆ ಒಂದು ಕೂಡುವ ಗುರುತು, ನಾಲ್ಕು ಮೂಲೆ, ನಾಲ್ಕು ಚುಕ್ಕಿ ಹಾಕಿ ಕಮಾನಿನಂತೆ ಗೆರೆ ಸೇರಿಸುತ್ತಾ ಹೋದರೆ ಕೋಟೆ ತಾನಾಗಿ ಮೂಡುತ್ತದೆ. ನನ್ನ ವಯಸ್ಸಿನವರು ಚಿಕ್ಕಂದಿನಲ್ಲಿ ಅದನ್ನು ಬರೆದವರೇ. ಅದನ್ನೇ ನೆಲದ ಮೇಲೆ ಕಲ್ಲಿನ ಸಾಲಿನಲ್ಲಿ ಮಾಡಿದರೆ ಒಳಗೆ ನಡೆಯಬಹುದು. ಒಂದೇ ಬಾಗಿಲು, ಒಂದೇ ದಾರಿ. ತಪ್ಪಿಸಿಕೊಳ್ಳಲು ಅಲ್ಲಿ ಅವಕಾಶವಿಲ್ಲ. ದಾರಿ ಹೊರಕ್ಕೂ ಒಳಕ್ಕೂ ತಿರುಗಿಸಿ ತಿರುಗಿಸಿ ಕೊನೆಗೆ ನಡುವಿಗೆ ತಂದು ನಿಲ್ಲಿಸುತ್ತದೆ. ಬಂದ ದಾರಿಯಲ್ಲೇ ಹಿಂದಕ್ಕೆ ಬರಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ನನ್ನನ್ನು ಬಿಟ್ಟು ಮೂವತ್ತೇಳು ಸದಸ್ಯರು.

ಬುಕ್ಕಾಪಟ್ಟಣದ ಆಚೆ, ಕುರುಚಲು ಕಾಡು ಶುರುವಾಗುವ ಮುಂಚೆ, ಒಂದು ಹಾಸುಬಂಡೆಯ ಮೇಲೆ ನಮ್ಮ ಕೋಟೆ ಇದೆ. ಕಲ್ಲುಗಳನ್ನು ಸುಮ್ಮನೆ ಜೋಡಿಸಿಟ್ಟದ್ದು. ಆಡು, ಕುರಿ, ದನ ನುಗ್ಗಿ ಕದಲಿಸುತ್ತವೆ. ವರ್ಷಕ್ಕೊಂದು ದಿನ ನಾವೆಲ್ಲ ಹೋಗಿ ಸರಿಮಾಡುತ್ತೇವೆ. ಯಾವ ಕಲ್ಲು ಎಲ್ಲಿಗೆ ಎಂದು ಬಲ್ಲವರು ಒಬ್ಬರೇ: ಆ ಸುತ್ತಿನಲ್ಲೇ ಕುರಿ ಮೇಯಿಸುತ್ತಾ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಅವರ ಅತ್ತೆ ಅವರಿಗೆ ಹೇಳಿಕೊಟ್ಟದ್ದಂತೆ. ಅಜ್ಜಿಯೂ ನಮ್ಮ ಬಳಗದ ಸದಸ್ಯೆ.

ಮಂಡಳಿಗೆ ತಾಲ್ಲೂಕಿಗೊಬ್ಬರಂತೆ ನಾಲ್ವರು. ಮೂರು ತಾಲ್ಲೂಕಿಗೆ ಒಂದೊಂದೇ ಅರ್ಜಿ ಬಂದು ಅವಿರೋಧವಾಯಿತು. ಶಿರಾಕ್ಕೆ ಮಾತ್ರ ಪೈಪೋಟಿ; ಓಟು ಎಲ್ಲ ತಾಲ್ಲೂಕಿನ ಸದಸ್ಯರದೂ. ಕೋಟೆ ಆ ತಾಲ್ಲೂಕಿನಲ್ಲಿ ಇರುವುದರಿಂದ ಅದರ ಉಸ್ತುವಾರಿ ಶಿರಾ ಸದಸ್ಯರದು. ಮೊದಲು ಅರ್ಜಿ ಹಾಕಿದವರು ಶಿರಾದ ಒಬ್ಬ ಕಂಟ್ರಾಕ್ಟರು. ಚರಂಡಿ, ಕಾಂಪೌಂಡು ಕಟ್ಟಿಸುವವರು, ನಗುಮುಖದವರು. ಗೆದ್ದರೆ ಕಲ್ಲನ್ನೆಲ್ಲ ಸಿಮೆಂಟಿನಲ್ಲಿ ಕೂರಿಸಿಬಿಡುತ್ತೇನೆ, ಆಮೇಲೆ ಯಾರೂ ಬಗ್ಗಿ ಸೊಂಟ ನೋಯಿಸಿಕೊಳ್ಳಬೇಕಾಗಿಲ್ಲ ಎಂದು ಹೇಳಿದ್ದರು. ನನಗೂ ಅದು ಅಚ್ಚುಕಟ್ಟಾದ ಯೋಚನೆ ಎಂದೇ ಅನ್ನಿಸಿತ್ತು.

ಅರ್ಜಿಗೆ ಕೊನೆಯ ದಿನ, ಐದಕ್ಕೆ ಹತ್ತು ನಿಮಿಷ ಇರುವಾಗ, ಅಜ್ಜಿ ಎರಡು ಬಸ್ಸು ಬದಲಿಸಿ ಮಧುಗಿರಿಯ ನಮ್ಮ ಮನೆಗೆ ಬಂದರು. ಅರ್ಜಿಗೆ ಹೆಬ್ಬೆಟ್ಟು ಒತ್ತಿದರು. ಕಾರಣ ಕೇಳುವ ಅಧಿಕಾರ ನನಗಿರಲಿಲ್ಲ, ಆದರೂ ಕೇಳಿದೆ.

"ಸಿಮೆಂಟ್ ಹಾಕ್ಬುಟ್ರೆ ಕಲ್ಲು ಕದಲಾಕಿಲ್ಲ ಟೀಚರಮ್ಮ. ಕಲ್ಲು ಕದಲ್ದಿದ್ರೆ ನೀವ್ಯಾರೂ ಬರಾಕಿಲ್ಲ," ಅಂದರು. "ವರ್ಸಕ್ಕೊಂದ್ ದಿನ ನಾಕು ತಾಲ್ಲೂಕಿನ ಜನ ಬಂದು ಅಜ್ಜಿ ಇದೆಲ್ಲಿಗೆ, ಅಜ್ಜಿ ಅದೆಲ್ಲಿಗೆ ಅಂತೀರಲ್ಲ, ಆ ದಿನ ನಂಗೆ ಬೇಕು ಕಣಮ್ಮ."

ಸ್ವೀಕೃತಿ ಚೀಟಿ ಬರೆದು ಕೊಟ್ಟು ಕಾಫಿ ಮಾಡಿದೆ. ಒಬ್ಬ ಅಭ್ಯರ್ಥಿಗೆ ಕಾಫಿ ಕೊಟ್ಟು ಇನ್ನೊಬ್ಬರಿಗೆ ಕೊಡದಿರುವುದು ಸರಿಯಲ್ಲವೆಂದು ಮರುದಿನ ಕಂಟ್ರಾಕ್ಟರನ್ನೂ ಕರೆದು ಕುಡಿಸಿದೆ. ಅವರಿಗೆ ಯಾಕೆಂದು ಅರ್ಥವಾಗಲಿಲ್ಲ.

ನಮ್ಮಲ್ಲಿ ಓದು ಬರಹ ಅಷ್ಟಾಗಿ ಇಲ್ಲದವರೂ ಇದ್ದಾರೆ. ಅದಕ್ಕೆ ಚೀಟಿ ಬಿಟ್ಟು ಗುರುತು ಇಟ್ಟೆ. ಕಂಟ್ರಾಕ್ಟರಿಗೆ ಕಡಲೆಕಾಯಿ, ಅಜ್ಜಿಗೆ ಹುಣಸೆ ಬೀಜ. ಓಟುದಾರರಿಗೆ ಎರಡನ್ನೂ ಒಂದೊಂದು ಕೊಡುವುದು. ಬೇಕಾದದ್ದನ್ನು ಬಾಯಿಗೆ ಬಟ್ಟೆ ಕಟ್ಟಿ ತೂತು ಬಿಟ್ಟ ಗಡಿಗೆಗೆ ಹಾಕಬೇಕು, ಉಳಿದದ್ದನ್ನು ಬರುವಾಗ ಬಾಗಿಲ ಬಳಿಯ ಮುಚ್ಚಿದ ಬಕೆಟ್ಟಿಗೆ. ಸಮ ಬಂದರೆ ಮಾತ್ರ ಚುನಾವಣಾಧಿಕಾರಿಗೆ ಒಂದು ಓಟು. ಇನ್ನು ಗಡಿಗೆ ಎಲ್ಲಿಡುವುದು? ತೋವಿನಕೆರೆಯ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಕೋಟೆಯ ನಡುವೆಯೇ ಇಟ್ಟು ಸುತ್ತ ಸೀರೆ ಕಟ್ಟಿದರಾಯಿತು ಎಂದಾಗ ಎಲ್ಲರೂ ಕುಣಿದಾಡಿದರು. ನಾನೂ ಒಪ್ಪಿದೆ. ಕೈಗಡಿಯಾರ ನೋಡಿಕೊಂಡು ನಡೆದು ನೋಡಿದೆ. ಹೋಗಲು ಎರಡು ನಿಮಿಷ, ಬರಲು ಎರಡು. ಒಬ್ಬರಾದ ಮೇಲೊಬ್ಬರು ಹೋದರೂ ಹತ್ತಕ್ಕೆ ಶುರುಮಾಡಿದರೆ ಹನ್ನೆರಡೂವರೆಗೆ ಮುಗಿಯುತ್ತದೆ, ಊಟ, ಎಣಿಕೆ, ನಾಲ್ಕರ ಬಸ್ಸು.

ನನ್ನ ತಪ್ಪು ಅಲ್ಲೇ ಇತ್ತು. ಲೆಕ್ಕ ಹಾಕಿದ್ದು ನನ್ನ ನಡಿಗೆಯಲ್ಲಿ. ಕೋಟೆಯ ಹುಚ್ಚಿನವರು ಕೋಟೆಯೊಳಗೆ ಓಟು ಹಾಕಲು ಹೋಗುವುದಿಲ್ಲ, ಕೋಟೆ ನಡೆಯಲು ಹೋಗುತ್ತಾರೆ. ಮೊದಲು ಒಳಹೊಕ್ಕ ಪೋಸ್ಟ್‌ಮ್ಯಾನ್ ಪ್ರತಿ ತಿರುವಿನಲ್ಲೂ ನಿಂತು, ಉಸಿರೆಳೆದುಕೊಂಡು, ಸುತ್ತಲಿನ ಗುಡ್ಡ ನೋಡಿಕೊಂಡು, ಹದಿನಾಲ್ಕು ನಿಮಿಷಕ್ಕೆ ಹೊರಬಂದರು. ಎರಡನೆಯವರು ಹದಿನಾರು. ಹನ್ನೊಂದೂವರೆಗೆ ಆರೇ ಓಟು ಬಿದ್ದಿತ್ತು.

ಅಷ್ಟರಲ್ಲಿ ಎರಡನೆಯ ತಪ್ಪು ಬೆಳಕಿಗೆ ಬಂತು. ಪಾವಗಡದಲ್ಲಿ ಕಡಲೆಕಾಯಿ ಮಾರುವ ನಮ್ಮ ಸದಸ್ಯೆಗೆ ಹಸಿ ಕಾಯಿ ತರಲು ಹೇಳಿದ್ದೆ. ಆಕೆ ಒಂದು ಚೀಲದ ತುಂಬ ಹುರಿದದ್ದು ತಂದಿದ್ದರು. ಕೇಳಿದ್ದಕ್ಕೆ ತೆಲುಗು ಬೆರೆಸಿ, "ಹಸೀವು ಎವರು ತಿಂಟಾರು ಮೇಡಂ? ಓಟಾದ್ರೂ ಹುರಿದಿದ್ದೇ ಚೆಂದ," ಅಂದಿದ್ದರು. ಹುಣಸೆ ಬೀಜವನ್ನು ಗಡಿಗೆಗೆ ಹಾಕಿದವರ ಕೈಯಲ್ಲಿ ಹುರಿದ ಕಡಲೆಕಾಯಿ ಉಳಿಯುತ್ತದೆ. ಅದನ್ನು ಹಿಡಿದು ಏಳು ಸುತ್ತು ಸುಮ್ಮನೆ ವಾಪಸು ನಡೆಯುವವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಅಗಿಯುತ್ತಾ ಹೊರಬಂದವರೆಲ್ಲ ಅಜ್ಜಿಯ ಕಡೆ, ಬಾಯಿ ಖಾಲಿ ಇದ್ದವರು ಕಂಟ್ರಾಕ್ಟರ ಕಡೆ ಎಂದು ನೆರಳಲ್ಲಿ ಕೂತವರಿಗೆ ಹೊಳೆದುಬಿಟ್ಟಿತು. "ಇವನೂ ಅಜ್ಜಿ ಪಾರ್ಟಿ ಕಣ್ಲಾ, ಹಲ್ಲು ನೋಡು," ಎಂದು ಯಾರೋ ಅಂದರು. ಬಂಡೆಯ ಮೇಲೆಲ್ಲ ನಗು.

ಸೀಟಿ ಊದಿದೆ. ಗುಟ್ಟಿನ ಮತದಾನ ಉಳಿಯಬೇಕಾದರೆ ಉಳಿದಿದ್ದ ದಾರಿ ಒಂದೇ. ಇನ್ನು ಮುಂದೆ ಪ್ರತಿಯೊಬ್ಬರೂ ಚೀಲದಿಂದ ಒಂದು ಹಿಡಿ ಕಡಲೆಕಾಯಿ ತೆಗೆದುಕೊಳ್ಳಬೇಕು, ಅಗಿಯುತ್ತಲೇ ಒಳಗೆ ಹೋಗಬೇಕು, ಅಗಿಯುತ್ತಲೇ ಹೊರಗೆ ಬರಬೇಕು ಎಂದು ಆಜ್ಞೆ ಮಾಡಿದೆ. ಸಾಲಿನಲ್ಲಿ ನಿಂತು ತಿಂದವರನ್ನು ಮೂವತ್ತೊಂದು ವರ್ಷ ಮೈದಾನದಲ್ಲಿ ಓಡಿಸಿದವಳು ನಾನು. ಜೊತೆಗೆ, ಹತ್ತು ಹೆಜ್ಜೆ ಅಂತರ ಬಿಟ್ಟು ಒಬ್ಬರ ಹಿಂದೊಬ್ಬರು ಹೋಗಬಹುದು, ಹೊರಬರುವವರಿಗೆ ಪಕ್ಕಕ್ಕೆ ತಿರುಗಿ ದಾರಿ ಬಿಡಬೇಕು, ಒಳಗೆ ಪ್ರಚಾರ ಮಾಡಬಾರದು ಎಂದೂ ಸಾರಿದೆ.

ನಡು ಮಧ್ಯಾಹ್ನ ಅಜ್ಜಿ ಓಟು ಹಾಕಿ ವಾಪಸು ಬರುತ್ತಿದ್ದರು. ಕಂಟ್ರಾಕ್ಟರು ಆಗತಾನೆ ಒಳಹೊಕ್ಕಿದ್ದರು. ದಾರಿ ಬಾಗಿಲಿಂದ ನೇರ ಮೂರನೆಯ ಸುತ್ತಿಗೆ ಹೋಗಿ, ಆಮೇಲೆ ಹೊರಕ್ಕೆ ತಿರುಗುತ್ತದೆ. ಆತ ಆ ಮೂರನೆಯ ಸುತ್ತಿನಲ್ಲಿ, ಅಜ್ಜಿ ಪಕ್ಕದ ನಾಲ್ಕನೆಯದರಲ್ಲಿ. ಕಂಟ್ರಾಕ್ಟರ ಬೂಟು ತಾಗಿ ಒಂದು ಕಲ್ಲು ಉರುಳಿತು. ಬಗ್ಗಿ ಮತ್ತೆ ಇಟ್ಟರು.

"ಅಂಗಲ್ಲ ಕಣಪ್ಪ. ಅದರ ಹೊಟ್ಟೆ ಕೆಳಿಕ್ಕಿರ್ಬೇಕು," ಅಂದರು ಅಜ್ಜಿ.

ಆತ ತಿರುಗಿಸಿಟ್ಟರು. ಕಲ್ಲು ಅಲ್ಲಾಡಿತು. "ನೋಡಜ್ಜಿ, ಇದ್ಕೇ ನಾನು ಸಿಮೆಂಟ್ ಅಂದಿದ್ದು."

ಸೀಟಿ ನನ್ನ ತುಟಿಗೆ ಬಂತು. ಇದು ಪ್ರಚಾರವೋ ಅಲ್ಲವೋ ಎಂದು ನಾನು ಯೋಚಿಸುವಷ್ಟರಲ್ಲಿ ಅಜ್ಜಿ, "ಅಲ್ಲಾಡ್ಲಿ ಬುಡು. ಈ ವಯಸ್ಸಿಗೇ ನಿನ್ ಹೊಟ್ಟೆ ಅಲ್ಲಾಡಾಕಿಲ್ವಾ?" ಎಂದು ಮುಂದೆ ನಡೆದರು. ದಾರಿ ಇಬ್ಬರನ್ನೂ ಬೇರೆ ಬೇರೆ ಕಡೆಗೆ ಒಯ್ದು, ಸುತ್ತಿಸಿ, ಹೊರಸುತ್ತಿನಲ್ಲಿ ನನ್ನ ಮುಂದೆಯೇ ಎದುರುಬದುರು ತಂದು ನಿಲ್ಲಿಸಿತು. ಆತ ಪಕ್ಕಕ್ಕೆ ತಿರುಗಿ ದಾರಿ ಬಿಟ್ಟರು. ಅಜ್ಜಿ ದಾಟಲಿಲ್ಲ. ಬೂಟು ಬಿಚ್ಚಿ ನಡೆದರೆ ಕಲ್ಲು ಕಾಲಿಗೆ ಗೊತ್ತಾಗುತ್ತದೆ, ತಾಗುವುದಿಲ್ಲ ಎಂದರು. ಬಿಚ್ಚಿ ಎಲ್ಲಿಡಲಿ ಎಂದು ಆತ ಕೇಳಿದರು. ಕೊಡು ಇತ್ಲಾಗೆ ಎಂದು ಅಜ್ಜಿ ಕೈಚಾಚಿದರು. ಹೀಗೆ ಒಬ್ಬ ಅಭ್ಯರ್ಥಿ ಎದುರಾಳಿಯ ಬೂಟುಗಳನ್ನು ಕೈಯಲ್ಲಿ ಹಿಡಿದು, ಕಡಲೆಕಾಯಿ ಅಗಿಯುತ್ತಾ ಹೊರಬಂದರು. ಇನ್ನೊಬ್ಬರು ಬಿಸಿಲಿಗೆ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಹಾರುತ್ತಾ ಕುಪ್ಪಳಿಸುತ್ತಾ ಏಳು ಸುತ್ತು ಮುಗಿಸಿ ಬಂದರು. ಆ ದಿನ ನನ್ನ ನಾಲ್ಕು ನಿಮಿಷದ ಲೆಕ್ಕಕ್ಕೆ ಹೊಂದಿದವರು ಅವರೊಬ್ಬರೇ. ಬೂಟು ಬಿಚ್ಚಿದ ಮೇಲೆ ಒಂದು ಕಲ್ಲೂ ಉರುಳಿರಲಿಲ್ಲ.

ಮೂರೂವರೆಗೆ ಟವೆಲ್ ಹಾಸಿ ಗಡಿಗೆ ಸುರಿದೆ. ಹುಣಸೆ ಬೀಜ ಹದಿನೆಂಟು. ಕಡಲೆಕಾಯಿ ಹದಿನೆಂಟು. ಮತ್ತೆ ಒಂದು ಕಾಳಿಲ್ಲದ ಸಿಪ್ಪೆ.

ಮೂರು ಸಲ ಎಣಿಸಿದೆ. ಎಲ್ಲರೂ ಟವೆಲ್ಲಿನ ಸುತ್ತ ಬಗ್ಗಿ ನಿಂತಿದ್ದರು. ಅಜ್ಜಿ ಮಾತ್ರ ದೂರದಲ್ಲಿ ಕೂತು ಸೆರಗಿನ ತುದಿಯನ್ನು ಸುತ್ತುತ್ತಿದ್ದರು. ಆಗ ಕಂಟ್ರಾಕ್ಟರು ಕೆಮ್ಮಿ, ಆ ಸಿಪ್ಪೆ ತಮ್ಮದೇ ಇರಬೇಕು ಅಂದರು. ಮೇಡಂ ಅಗಿಯಲೇಬೇಕು ಅಂದಿದ್ದರು, ಅಂಗಾಲು ಸುಡುತ್ತಿತ್ತು, ಯಾವುದನ್ನು ತಿಂದೆ ಯಾವುದನ್ನು ಹಾಕಿದೆ ಎಂದು ನೋಡಲಿಲ್ಲವಂತೆ. ಕಾಳಿಲ್ಲದ ಕಾಯಿ ಓಟಲ್ಲ ಎಂದು ನಾನು ತೀರ್ಪು ಕೊಟ್ಟೆ. ಮೊದಲು ಒಪ್ಪಿದವರು ಅವರೇ.

"ನನ್ ಓಟು ನಾನೇ ತಿಂದ್ಬುಟ್ಟೆ ಅಜ್ಜಿ. ನೀನಾದ್ರೂ ನಿಂಗೆ ಸರಿಯಾಗಿ ಹಾಕ್ಕಂಡ್ಯಾ?" ಎಂದು ಅವರು ಕೂಗಿ ಕೇಳಿದರು.

"ನಂಗೆ ನಾನೇ ಹಾಕ್ಕಳದು ಚೆಂದಾಗಿರಲ್ಲ ಅಂತ ನಿಂಗೇ ಹಾಕ್ದೆ ಕಣಪ್ಪ," ಅಂದರು ಅಜ್ಜಿ.

ಯಾರಿಗೆ ಓಟು ಎಂದು ಹೇಳಬಾರದು ಎಂದು ನಾನು ಬೆಳಿಗ್ಗೆ ಎರಡು ಸಲ ಹೇಳಿದ್ದೆ. ಈಗ ಹೇಳಿದರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಪಾವಗಡದಾಕೆ ಬಿದ್ದು ಬಿದ್ದು ನಗುತ್ತಿದ್ದರು. ಪೋಸ್ಟ್‌ಮ್ಯಾನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಹದಿನೆಂಟಕ್ಕೆ ಹದಿನೆಂಟು. ಇನ್ನು ನನ್ನ ಓಟು. ಒಂದು ಅಂಗೈಯಲ್ಲಿ ಕಡಲೆಕಾಯಿ, ಇನ್ನೊಂದರಲ್ಲಿ ಹುಣಸೆ ಬೀಜ ಇಟ್ಟುಕೊಂಡು ಕೋಟೆಯ ಕಡೆ ನೋಡಿದೆ. ಮೂವತ್ತೇಳು ಜನ ಹೋಗಿ ಬಂದು ಸಾಲುಗಳೆಲ್ಲ ಓರೆಯಾಗಿದ್ದವು. ನನ್ನ ಕಣ್ಣಿಗೆ ಅದು ಹಿಂಸೆ. ಸಿಮೆಂಟಾಗಿದ್ದರೆ ಹೀಗಾಗುತ್ತಿರಲಿಲ್ಲ. ಆದರೆ ಎಣಿಕೆ ನೋಡಿ ಬೇಸತ್ತ ಏಳೆಂಟು ಜನ ಆಗಲೇ ಅಲ್ಲಿ ಕುಕ್ಕರುಗಾಲಲ್ಲಿ ಕೂತು, ಯಾರೂ ಹೇಳದೆ, ಕಲ್ಲು ಸರಿಸುತ್ತಿದ್ದರು. ಒಬ್ಬರು ಒಂದು ಕಲ್ಲನ್ನು ಎತ್ತಿ ಹಿಡಿದು ಅಜ್ಜಿಯ ಕಡೆ ತಿರುಗಿ, ಇದು ಒಳಸುತ್ತಿಂದೋ ಹೊರಸುತ್ತಿಂದೋ ಎಂದು ಕೇಳಿದರು. ಸಿಮೆಂಟ್ ಹಾಕಿದ ಮೇಲೆ ಆ ಪ್ರಶ್ನೆಯನ್ನು ಯಾರು ಯಾರನ್ನು ಕೇಳಬೇಕು ಎಂದು ಯೋಚಿಸಿದೆ.

ಹುಣಸೆ ಬೀಜವನ್ನು ಎಲ್ಲರಿಗೂ ಕಾಣುವಂತೆ ಟವೆಲ್ಲಿನ ಮೇಲಿಟ್ಟೆ.

ಮೊದಲು ಚಪ್ಪಾಳೆ ತಟ್ಟಿದವರು ಬೂಟು ಹಾಕಿಕೊಳ್ಳುತ್ತಿದ್ದ ಕಂಟ್ರಾಕ್ಟರು. ಸಿಮೆಂಟ್ ಬೇಡ ಬುಡಿ, ಕೂರಾಕೆ ಒಂದು ಕಲ್ಲುಬೆಂಚಾದರೂ ಹಾಕಿಸಲಾ ಎಂದು ಹೊಸ ಸದಸ್ಯೆಯನ್ನು ಕೇಳಿದರು. ಅಜ್ಜಿ, ಹಾಕಿಸು, ಆದರೆ ಕೋಟೆಯಿಂದ ಇಪ್ಪತ್ತು ಮಾರು ಆಚೆ ಇರಲಿ, ಕೂತವರು ಏಳುವುದಿಲ್ಲ ಅಂದರು. ಆಮೇಲೆ ಎದ್ದು ಬಂದು, ಓರೆಯಾದ ಸಾಲುಗಳನ್ನು ತೋರಿಸಿ, ಇದನ್ನು ಇಂಗೇ ಬಿಟ್ಟು ಹೋಗುತ್ತೀರೇನು ಎಂದು ಕೇಳಿದರು. ನಾಲ್ಕರ ಬಸ್ಸು ದೂರದಲ್ಲಿ ಹಾರನ್ ಹೊಡೆದದ್ದು ನನಗೆ ಕೇಳಿಸಿತು. ಯಾರೂ ತಲೆಯೆತ್ತಲಿಲ್ಲ. ಕತ್ತಲಾಗುವ ಮೊದಲು ಕಂಟ್ರಾಕ್ಟರ ಲಾರಿಯಲ್ಲಿ ನಿಂತುಕೊಂಡೇ ಎಲ್ಲರೂ ಶಿರಾ ಸೇರಿದೆವು.

ಮುಂದಿನ ಕೆಲಸದ ದಿನ ಯಾವುದೆಂದು ನಾನು ಡೈರಿ ತೆರೆದು ಕೇಳಿದ್ದೆ. ತಾರೀಕು ತಮಗೆ ಗೊತ್ತಾಗುವುದಿಲ್ಲ, ಕಲ್ಲು ಕದಲಿದಾಗ ಫೋನ್ ಮಾಡುತ್ತೇನೆ ಎಂದಿದ್ದರು ಅಜ್ಜಿ. ಇನ್ನು ಮುಂದಿನ ವರ್ಷವೇ ಎಂದುಕೊಂಡು ಡೈರಿ ಮುಚ್ಚಿದ್ದೆ. ಹನ್ನೊಂದನೆಯ ದಿನ ಬೆಳಿಗ್ಗೆ, ನಾನು ಇನ್ನೂ ಬೆಟ್ಟದ ಬುಡ ಮುಟ್ಟಿರಲಿಲ್ಲ, ಫೋನ್ ಬಂತು.

"ಟೀಚರಮ್ಮ, ಆಡು ನುಗ್ಗಿ ಎರಡು ಸುತ್ತು ಕೆಡಿಸವೆ. ಎಲ್ಲಾರ್ಗೂ ಹೇಳ್ಬುಡಿ."

ವರ್ಷಕ್ಕೊಂದೇ ಸಲ ಅಲ್ಲವೇ ಅಜ್ಜಿ ಎಂದೆ. ಅದು ಮೊದಲು, ಈಗ ಉಸ್ತುವಾರಿ ನಂದು ಅಂದರು. ನಡಿಗೆಯನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ. ಪಾವಗಡಕ್ಕೆ, ತೋವಿನಕೆರೆಗೆ, ಶಿರಾಕ್ಕೆ ಒಂದೊಂದಾಗಿ ಫೋನ್ ಮಾಡಿದೆ. ಹಾಲು ಒಲೆಯ ಮೇಲಿಡಲಿಲ್ಲ. ಏಳರ ಬಸ್ಸಿಗೆ ಹೊತ್ತಾಗಿತ್ತು.