ಕೊನೆಯ ಚಕ್ರ ದಾಟುವ ತನಕ

ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ರೈಲನ್ನು ಬೆಟ್ಟ ಹತ್ತಿಸಿ ಸಂಜೆ ಇಳಿಸಿದವನು ಒಂದು ಸಲವೂ ಆ ರೈಲಿನಲ್ಲಿ ಕೂತಿರಲಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ಲಿವರಣ್ಣನ ಹೆಂಡತಿ ಕೂತಿದ್ದಳು. ಮಗಳು, ಅಳಿಯ, ಅಳಿಯನ ಅಕ್ಕ, ಆ ಅಕ್ಕನ ನಾದಿನಿ, ಎಲ್ಲರೂ ತುದಿಯ ಸ್ಟೇಷನ್ನಿಗೆ ಹೋಗಿ ಬಂದಿದ್ದರು. ಮನೆಯ ಬೆಕ್ಕು ಕೂಡ ಒಮ್ಮೆ ಗಾರ್ಡಿನ ಡಬ್ಬಿ ಹೊಕ್ಕು, ಸಂಜೆಯ ರೈಲಿನಲ್ಲಿ ಗತ್ತಿನಿಂದ ವಾಪಸಾಗಿತ್ತು. ಲಿವರಣ್ಣ ಮಾತ್ರ ನೆಲದ ಮೇಲೆ.

ಮೊದಲ ತಪ್ಪು ಬೆಟ್ಟದ್ದು. ನೂರು ವರ್ಷದ ಹಿಂದೆ ಯಾವುದೋ ಕಂಪನಿ ಕಾಡಿನ ಮರ ಸಾಗಿಸಲು ಎರಡೇ ಅಡಿ ಅಗಲದ ಈ ಹಳಿ ಹಾಕಿತು. ಅರ್ಧ ದಾರಿಯಲ್ಲಿ ಬೆಟ್ಟ ಗೋಡೆಯ ಹಾಗೆ ಎದುರು ನಿಂತಿತು. ಸುರಂಗ ಕೊರೆಯಲು ಕಂಪನಿಗೆ ಕೈ ಬಿಚ್ಚುವ ಮನಸ್ಸಿರಲಿಲ್ಲ. ಹಾಗಾಗಿ ರೈಲು ಅಲ್ಲಿ ಮುಂದೆ ಹೋಗಿ ನಿಲ್ಲುತ್ತದೆ, ಹಿಮ್ಮುಖವಾಗಿ ಒಂದಷ್ಟು ಹತ್ತುತ್ತದೆ, ಮತ್ತೆ ನಿಂತು ಮುಂದಕ್ಕೆ ಹತ್ತುತ್ತದೆ. ನಿಂತಲ್ಲೆಲ್ಲ ಯಾರಾದರೂ ಲಿವರ್ ಎಳೆದು ಹಳಿ ಬದಲಿಸಬೇಕು. ಕೆಳಗಿನದನ್ನು ಎಳೆದು, ರೈಲು ಬಳಸಿಕೊಂಡು ಬರುವಷ್ಟರಲ್ಲಿ ಕಲ್ಲುಮೆಟ್ಟಿಲು ಹತ್ತಿ ಓಡಿ, ಮೇಲಿನದನ್ನು ಎಳೆಯಬೇಕು. ಕಂಪನಿ ಹೋಯಿತು, ಮರವೂ ಹೋಯಿತು, ಈಗ ಪ್ರವಾಸಿಗಳು ಬರುತ್ತಾರೆ. ಲಿವರ್ ಮಾತ್ರ ಅದೇ.

ಎರಡನೆಯ ತಪ್ಪು ಆಫೀಸಿನದು. ಮೇಲಿನ ಲಿವರನ್ನು ಎಳೆದಲ್ಲೇ ಹಿಡಿದಿಡುವ ಕೀಲು ಅವನು ಕೆಲಸಕ್ಕೆ ಸೇರಿದ ಎರಡನೆಯ ವರ್ಷವೇ ಮುರಿದಿತ್ತು. ಕೈ ಬಿಟ್ಟರೆ ಲಿವರ್ ತಾನಾಗಿ ಹಿಂದಕ್ಕೆ ಹಾರುತ್ತದೆ. ಕೊನೆಯ ಡಬ್ಬಿಯ ಕೊನೆಯ ಚಕ್ರ ದಾಟುವ ತನಕ ಅದರ ಮೇಲೆ ಮೈಭಾರ ಹಾಕಿ ನಿಲ್ಲಬೇಕು. ಆಮೇಲೆ ಹತ್ತೋಣವೆಂದರೆ, ಅಲ್ಲಿಂದಾಚೆ ಏರು ಎಷ್ಟು ಕಡಿದೆಂದರೆ ಒಮ್ಮೆ ನಿಂತ ರೈಲು ಮತ್ತೆ ಹೊರಡುವುದಿಲ್ಲ, ಚಕ್ರ ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಅರ್ಜಿ ಬರೆದೂ ಬರೆದೂ ಅವನ ಕೈ ಸೋತಿತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ! ಒಮ್ಮೆ ಕೀಲು ಬಂತು, ದೊಡ್ಡ ರೈಲಿನದು, ಅವನ ಮುಂಗೈಯಷ್ಟು ದಪ್ಪ. ಹೆಂಡತಿ ಅದನ್ನು ಬಾಗಿಲಿಗೆ ಒತ್ತು ಇಟ್ಟಳು.

ಇನ್ನು ರಜೆ. ಬದಲಿ ಆಳಿಲ್ಲ ಎಂದು ಸಾಹೇಬರು ಮಳೆಗಾಲದ ಎರಡು ತಿಂಗಳಲ್ಲೇ ಧಾರಾಳವಾಗಿ ರಜೆ ಕೊಡುತ್ತಿದ್ದರು. ಆಗ ರೈಲೂ ಇಲ್ಲ.

ಊಟಕ್ಕೆ ಕೂತಾಗ ಹೆಂಡತಿಯ ವರ್ಣನೆ ಬೇರೆ. "ಮೂರನೇ ಸೇತುವೆ ಆದ್ಮೇಲೆ ಒಂದು ತಿರುವು ಬರತ್ತೆ ನೋಡಿ, ಅಲ್ಲಿಂದ ನಮ್ಮನೆ ಬೆಂಕಿಪೊಟ್ಟಣದಷ್ಟು ಕಾಣತ್ತೆ. ನೀವು ನಿಂತಿರೋದೂ ಕಾಣತ್ತೆ, ಇರುವೆ ಥರ."

"ಇರುವೆ ಥರಾನಾ?"

"ದೊಡ್ಡ ಇರುವೆ," ಎಂದು ಅವಳು ಇನ್ನಷ್ಟು ಅನ್ನ ಬಡಿಸುತ್ತಿದ್ದಳು.

ಮೈ ಪರಚಿಕೊಳ್ಳುವಂತಾಗುತ್ತಿತ್ತು ಅವನಿಗೆ. ಬೆಟ್ಟದ ತುದಿಯನ್ನು ನಡೆದು ಹೋಗಿ ನೋಡಿದ್ದ, ಅದೇನೂ ದೊಡ್ಡದಲ್ಲ. ಅವನಿಗೆ ಬೇಕಿದ್ದದ್ದು ಆ ತಿರುವು. ಕಿಟಕಿ ಪಕ್ಕ ಕಾಲು ಚಾಚಿ ಕೂತು, ಕೆಳಗೆ ಬೇರೆ ಯಾವನೋ ಲಿವರ್ ಹಿಡಿದು ನಿಂತಿರುವುದನ್ನು ಒಂದೇ ಒಂದು ಸಲ ನೋಡಬೇಕು.

ನಿನ್ನೆ ಅವನು ನಿವೃತ್ತನಾದ. ನಾಳೆ ಕ್ವಾರ್ಟರ್ಸ್ ಖಾಲಿ ಮಾಡಿ ಬಯಲುಸೀಮೆಯ ಮಗಳ ಮನೆಗೆ ಹೊರಡಬೇಕು, ಗಂಟುಮೂಟೆ ಕಟ್ಟಿಯಾಗಿದೆ. ಉಳಿದದ್ದು ಇವತ್ತೊಂದೇ ದಿನ. ಹೊಸ ಲಿವರಿನವನು ಕೆಳಗಿನ ಗೋದಾಮಿನಿಂದ ವರ್ಗವಾಗಿ ಬಂದ ದಢೂತಿ ಆಸಾಮಿ, ನಾಲ್ಕು ದಿನ ಪಾಠ ಹೇಳಿಸಿಕೊಂಡಿದ್ದ.

ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಾಸು ಜೇಬಿಗಿಟ್ಟು, ಲಿವರಣ್ಣ ಹೆಂಡತಿಯ ಜೊತೆ ರೈಲು ಹತ್ತಿದ. ಕಿಟಕಿಯ ಸೀಟನ್ನು ಅವಳೇ ಬಿಟ್ಟುಕೊಟ್ಟಳು. ಹೊಸಬ ಕೆಳಗಿನ ಲಿವರ್ ಸರಿಯಾಗಿಯೇ ಎಳೆದ. ರೈಲು ಹಿಮ್ಮುಖವಾಗಿ ಹತ್ತಿತು, ಮೇಲಿನ ಕೊನೆಯಲ್ಲಿ ನಿಂತಿತು. ಡ್ರೈವರು ಸೀಟಿ ಹೊಡೆದ. ಲಿವರಿನ ಹತ್ತಿರ ಯಾರೂ ಇಲ್ಲ.

ಮತ್ತೊಂದು ಸೀಟಿ. ಕಿಟಕಿಯಿಂದ ಬಗ್ಗಿ ನೋಡಿದರೆ, ಹೊಸಬ ಮೆಟ್ಟಿಲ ನಡುವೆ ಪಾದ ಹಿಡಿದುಕೊಂಡು ಕೂತಿದ್ದಾನೆ. "ಅಣ್ಣಾ, ಕಾಲು ಉಳುಕಿಬಿಡ್ತು!"

"ತೆವಳ್ಕೊಂಡಾದ್ರೂ ಬಾರೋ!" ಎಂದು ಲಿವರಣ್ಣ ಗಂಟಲು ಹರಿಯುವಂತೆ ಕೂಗಿದ. ಹೊಸಬ ಏಳಲು ಹೋಗಿ ಮತ್ತೆ ಕುಕ್ಕರಿಸಿದ.

ಗಾರ್ಡು ಕೈಬ್ರೇಕು ಬಿಟ್ಟು ಬರುವಂತಿಲ್ಲ. ಡ್ರೈವರು ಎಂಜಿನ್ ಬಿಡುವಂತಿಲ್ಲ. ಪ್ರವಾಸಿಯೊಬ್ಬ ಉತ್ಸಾಹದಿಂದ ಇಳಿದು ಲಿವರ್ ಎಳೆದು ನೋಡಿದ, ಅದು ಅಲುಗಲಿಲ್ಲ. ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಬಂದು ಕೂತ.

"ಹಬೆ ಇಳೀತಿದೆ ಕಣ್ರೋ!" ಡ್ರೈವರು ಅರಚಿದ. "ಇನ್ನೈದು ನಿಮಿಷ ಆದ್ರೆ ಇವತ್ತು ಮೇಲೆ ಹೋದ ಹಾಗೇ!"

ಡಬ್ಬಿಯಲ್ಲಿ ಗುರುತಿದ್ದವರೆಲ್ಲ ಲಿವರಣ್ಣನ ಕಡೆ ನೋಡಿದರು. ಅವನು ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. "ನಾನಿವತ್ತು ಪ್ಯಾಸೆಂಜರು. ನನ್ನನ್ಯಾಕೆ ನೋಡ್ತೀರಿ? ಆಫೀಸಿಗೆ ಹೇಳಿ, ಕೀಲು ಕಳಿಸ್ತಾರೆ!"

ಎದುರು ಸೀಟಿನ ಮುದುಕಿ ಮೊಮ್ಮಗಳಿಗೆ, ರೈಲು ಕೆಟ್ಟಿದೆ, ಮನೆಗೆ ಹೋಗೋಣ ಎಂದು ಸಮಾಧಾನ ಹೇಳತೊಡಗಿದಳು. ಮಗು ಬಾಯಿ ತೆರೆದು ಅಳತೊಡಗಿತು.

"ದೇವರು ವರ ಕೊಟ್ರೂ ಪೂಜಾರಿ ಕೊಡ," ಎಂದು ಲಿವರಣ್ಣ ಹಲ್ಲು ಕಡಿಯುತ್ತ ಎದ್ದ.

"ರೀ, ನಾನೂ ಇಳೀತೀನಿ," ಎಂದಳು ಹೆಂಡತಿ.

"ಕೂತ್ಕೊಳ್ಳೇ ಸುಮ್ನೆ. ಒಬ್ಬರ ದಿನ ಹಾಳಾಗಿದ್ದು ಸಾಲದಾ?"

ಇಸ್ತ್ರಿಯ ಅಂಗಿಯಲ್ಲೇ ಅವನು ಲಿವರ್ ಎಳೆದು, ಅದರ ಮೇಲೆ ಹೊಟ್ಟೆಯೊತ್ತಿ ನಿಂತ. ರೈಲು ಹೊರಟಿತು. ಎಂಜಿನ್ ದಾಟಿತು, ಡಬ್ಬಿಗಳು ಒಂದೊಂದಾಗಿ ದಾಟಿದವು. ಮುದುಕಿಯ ಮೊಮ್ಮಗಳು ಅವನಿಗೆ ಕೈಬೀಸಿದಳು. ಹೆಂಡತಿ ಖಾಲಿಯಾದ ಕಿಟಕಿಯ ಸೀಟಿಗೆ ಸರಿಯದೆ, ತನ್ನ ಜಾಗದಲ್ಲೇ ಕೂತಿದ್ದಳು. ಕೊನೆಯ ಚಕ್ರ ದಾಟಿತು. ಕೈ ಬಿಟ್ಟ. ಲಿವರ್ ಹಿಂದಕ್ಕೆ ಹಾರಿತು.

ಕೋಪಕ್ಕೆ ಕಣ್ಣು ತುಂಬಿ ಬಂತು. ಹೊಸಬ ಮೆಟ್ಟಿಲು ಹಿಡಿದು ಹಿಡಿದು ಕುಂಟುತ್ತ ಹತ್ತಿ ಬಂದ.

"ಅಣ್ಣಾ, ಬೈಬೇಡಿ. ಸಂಜೆ ರೈಲಿಗೆ ಏನ್ಮಾಡೋದು? ನೀವು ಇನ್ನು ಬರಲ್ಲ ಅಲ್ವಾ?"

"ಬರದೇ ಏನು ಮಾಡ್ಲೋ?" ಎಂದ ಲಿವರಣ್ಣ. "ನನ್ನ ಹೆಂಡ್ತಿ ಮೇಲಿದಾಳೆ."