ನೆಂಟರಿಲ್ಲದ ಊರಿನ ಕಾಲೇಜು

ನಮ್ಮ ಮನೆಯವರಿಗೆ ಭೂಗೋಳ ಬರುವುದಿಲ್ಲ. ನಾಚಿಕೆಯಿಂದ ಹೇಳುತ್ತಿಲ್ಲ; ಅದು ಬೇಕಾಗುವಂಥ ಸಂದರ್ಭವೇ ನಮಗೆ ಒದಗಿರಲಿಲ್ಲ. ಭಾರತದ ಭೂಪಟವನ್ನು ಗೋಡೆಗೆ ತೂಗುಹಾಕಿದರೆ ಬೇರೆಯವರಿಗೆ ಅದರಲ್ಲಿ ನದಿ, ಬೆಟ್ಟ, ರೈಲು ಹಳಿ ಕಾಣಬಹುದು. ನಮಗೆ ಕಾಣುವುದು ನೆಂಟರು. ಮದರಾಸು ಎಂದರೆ ಕಮಲ ಚಿಕ್ಕಮ್ಮ. ಬೊಂಬಾಯಿ ಎಂದರೆ ಮಾಟುಂಗದಲ್ಲಿರುವ ಅಪ್ಪನ ಸೋದರತ್ತೆಯ ಮಗ. ದೆಹಲಿಯಲ್ಲಿ ನಮ್ಮವರು ಯಾರೂ ಇಲ್ಲ. ಹಾಗಾಗಿ ಅದನ್ನು ರಾಜಧಾನಿಯೆಂದು ಒಪ್ಪಿಕೊಳ್ಳುವುದೇ ನಮ್ಮ ಅಜ್ಜಿಗೆ ಕಷ್ಟವಾಗಿತ್ತು.

ಅಜ್ಜಿಯ ವಿಚಾರ ಬಂದದ್ದರಿಂದ ಒಂದು ಮಾತು. ಅಪ್ಪ ಜಯನಗರದಲ್ಲಿ ಮನೆ ಕಟ್ಟಿಸಿ ಬಸವನಗುಡಿಯ ವಠಾರ ಬಿಟ್ಟ ದಿನ, ಅಜ್ಜಿ ಅಕ್ಕಪಕ್ಕದ ಹೆಂಗಸರ ಕೈ ಹಿಡಿದುಕೊಂಡು ಅತ್ತದ್ದನ್ನು ನೋಡಿದವರು ಈ ಮುದುಕಿ ಹಡಗು ಹತ್ತುತ್ತಿದ್ದಾಳೆ ಎಂದುಕೊಂಡಿರಬೇಕು. ಬಸವನಗುಡಿ ಮುಗಿಯುವ ಸೌತ್ ಎಂಡ್ ದಾಟಿದ ಮೇಲಿನದೆಲ್ಲ ಅವಳ ಪಾಲಿಗೆ ಪರದೇಶ. ಆಗಿನ ಜಯನಗರವೂ ಹಾಗೇ ಇತ್ತೆನ್ನಿ: ರಸ್ತೆಗಳು ಬೇಕಾದ್ದಕ್ಕಿಂತ ಅಗಲ, ಮನೆಗಳು ಇರಬೇಕಾದ್ದಕ್ಕಿಂತ ದೂರ, ನಡುವೆ ಖಾಲಿ ಸೈಟುಗಳಲ್ಲಿ ಎತ್ತರಕ್ಕೆ ಬೆಳೆದ, ಹೆಸರು ಗೊತ್ತಿಲ್ಲದ ಗಿಡಗಳು. "ಕೂಗಿದ್ರೆ ಯಾರಿಗೂ ಕೇಳ್ಸಲ್ವಲ್ಲೋ" ಎಂಬುದು ಹೊಸ ಬಡಾವಣೆಯ ಬಗ್ಗೆ ಅವಳ ಒಟ್ಟು ಅಭಿಪ್ರಾಯ. ಯಾರನ್ನು ಕೂಗಬೇಕಿತ್ತು ಎಂದು ನಾವು ಕೇಳಲಿಲ್ಲ.

ಇಂಥ ಮನೆಯಲ್ಲಿ ನನ್ನ ತಂಗಿ ಸರಸು, ಪಿ.ಯು.ಸಿ. ಪಾಸಾದ ವಾರದಲ್ಲಿ, ಎಲ್ಲರೂ ಊಟಕ್ಕೆ ಕೂತು ಮಜ್ಜಿಗೆಯ ಹಂತ ತಲುಪಿದ್ದಾಗ, "ಅಪ್ಪ, ನಾನು ಫಾರ್ಮಸಿ ಓದ್ತೀನಿ" ಅಂದಳು.

ಅಪ್ಪನ ಕೈ ಅನ್ನದಲ್ಲೇ ನಿಂತಿತು. "ಅಂದ್ರೆ?"

"ಔಷಧಿ ಮಾಡೋ ವಿದ್ಯೆ."

"ಕಾಂಪೌಂಡರಾ?"

ನಮ್ಮ ಮನೆಯಲ್ಲಿ ಆ ಮಧ್ಯಾಹ್ನ ಯಾರೂ ಎರಡನೇ ಸಲ ಮಜ್ಜಿಗೆ ಹಾಕಿಸಿಕೊಳ್ಳಲಿಲ್ಲ. ಆಘಾತವನ್ನು ನಾವು ಅಳೆಯುವುದು ಹೀಗೆ.

ಇದರ ಮೂಲ ಹುಡುಕುತ್ತ ಹೋದರೆ ಅಜ್ಜಿಯ ಕೆಮ್ಮಿಗೆ ಮುಟ್ಟುತ್ತದೆ. ಕೆಮ್ಮಿಗೆ ಡಾಕ್ಟರು ಮಿಕ್ಸ್ಚರ್ ಬರೆದುಕೊಡುತ್ತಿದ್ದರು. ಮನೆಯಿಂದ ಸೀಸೆ ತೆಗೆದುಕೊಂಡು ಹೋಗಿ ಅವರ ಷಾಪಿನ ಕಿಟಕಿಯಲ್ಲಿ ಚಾಚಿದರೆ ಕಾಂಪೌಂಡರು ಅದಕ್ಕೆ ಕೆಂಪು ನೀರು ತುಂಬಿ, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಮೈಗೆ ಅಂಟಿಸಿ, ಒಂದು ಹಲ್ಲಿಗೆ ಒಂದು ಹೊತ್ತು ಎಂದು ಹೇಳಿ ಕಳಿಸುತ್ತಿದ್ದರು. ನಾನೂ ಎಷ್ಟೋ ಸಲ ಆ ಸೀಸೆ ಹಿಡಿದು ಹೋಗಿದ್ದೇನೆ. ಅದು ಕೆಂಪಗಿದೆ ಎಂಬುದರಾಚೆ ನನಗೇನೂ ತೋಚಿರಲಿಲ್ಲ. ಸರಸು ಮಾತ್ರ, "ಇದ್ಯಾಕೆ ಕೆಂಪಗಿದೆ ಸಾರ್? ಇದ್ರಲ್ಲಿ ಏನೇನಿದೆ?" ಎಂದು ಕೇಳಿದಳಂತೆ. "ಔಷಧಿ ಇರೋದು ಕುಡಿಯೋಕಮ್ಮ, ಕೇಳೋಕಲ್ಲ" ಎಂದರಂತೆ ಅವರು. ಆ ಮಾತು ಆಡದೆ ಇದ್ದಿದ್ದರೆ ನಮ್ಮ ಮನೆಯ ಚರಿತ್ರೆ ಬೇರೆಯಾಗುತ್ತಿತ್ತು.

ಯೋಚಿಸಿದರೆ ಅವಳ ಪ್ರಶ್ನೆಯಲ್ಲಿ ತೂಕವಿತ್ತು. ನಮ್ಮಲ್ಲಿ ವೈದ್ಯನನ್ನು ನಾರಾಯಣನಿಗೆ ಸಮ ಮಾಡಿದ್ದೇವೆ. ದೇವಲೋಕಕ್ಕೂ ಇಬ್ಬರು ವೈದ್ಯರಿದ್ದಾರೆ. ಆದರೆ ಆ ಇಬ್ಬರಿಗೆ ಹಿಂದೆ ಕೂತು ಬೇರು ಅರೆದುಕೊಟ್ಟವರು ಯಾರು, ಸೋಸಿದವರು ಯಾರು, ಇಷ್ಟಕ್ಕಿಂತ ಹೆಚ್ಚು ಹಾಕಿದರೆ ಇಂದ್ರ ಏಳುವುದಿಲ್ಲ ಎಂದು ಎಚ್ಚರಿಸಿದವರು ಯಾರು? ಯಾವ ಪುರಾಣಿಕರೂ ನನಗೆ ಹೇಳಿಲ್ಲ. ಈ ವಾದವನ್ನು ನಾನು ಅಪ್ಪನ ಮುಂದೆ ಮಂಡಿಸಿದೆ. "ನಿನ್ನನ್ನ ಯಾರು ಕೇಳಿದ್ರು?" ಎಂದರು ಅಪ್ಪ.

ಆದರೂ ಅವರು ಇಲ್ಲವೆನ್ನಲಿಲ್ಲ. ಆಷಾಢ ಕಳೆಯುವುದರೊಳಗೆ ಯಾವುದಾದರೂ ಕಾಲೇಜಿನಲ್ಲಿ ಸೀಟು ಸಿಕ್ಕರೆ ಸರಿ. ಸಿಗದಿದ್ದರೆ ಶ್ರಾವಣದಲ್ಲಿ ತುಮಕೂರಿನ ಕಡೆಯವರು ಹೆಣ್ಣು ನೋಡಲು ಬರುತ್ತಾರೆ. ಇದು ತೀರ್ಪು. ಸರಸು ಒಪ್ಪಿಕೊಂಡಳು. ಆಮೇಲೆ ತಿಳಿಯಿತು, ಬೆಂಗಳೂರಿನಲ್ಲಿ ಆ ಪದವಿಯನ್ನು ಕಲಿಸುವ ಕಾಲೇಜೇ ಆಗ ಇರಲಿಲ್ಲ. ಹೊರಗಿನ ಊರುಗಳಿಗೆ ಬರೆದು ತರಿಸಿಕೊಂಡ ವಿವರಗಳಲ್ಲಿ, "ಹೊರ ರಾಜ್ಯದವರಿಗೆ" ಸ್ಥಾನಗಳು ಬಹಳ ಕಡಿಮೆ ಎಂದು ಎಲ್ಲರೂ ಒಂದೇ ಬಾಯಿಂದ ಹೇಳಿದ್ದರು. ಅಪ್ಪ ಅದನ್ನು ಎರಡು ಸಲ ಓದಿಸಿದರು. ಹೊರಗಿನವರು ಎಂದರೆ ಇತರರು ಎಂದೇ ಅವರು ಅಲ್ಲಿಯವರೆಗೆ ನಂಬಿದ್ದರು.

ಊರು ಆರಿಸಲು ಭಾನುವಾರ ಸಭೆ ಸೇರಿತು. ಅಧ್ಯಕ್ಷತೆ ಶೀನು ಮಾವನದು. ಅಮ್ಮನ ತಮ್ಮನಾದ ಶೀನು ಮಾವ ರೈಲ್ವೆಯಲ್ಲಿದ್ದವನು. ಪಾಸಿನಲ್ಲಿ ದೇಶವನ್ನೆಲ್ಲ ಸುತ್ತಿ, ಪ್ರತಿ ಸ್ಟೇಷನ್ನಿನ ಕಾಫಿಯ ಗುಣದೋಷ ಬಲ್ಲವನು. ಪ್ರಯೋಗಶಾಲೆ ಹೇಗಿದೆ, ಪಾಠ ಮಾಡುವವರು ಯಾರು ಎಂಬ ವಿಚಾರ ಸಭೆಯ ಮುಂದೆ ಬರಲೇ ಇಲ್ಲ. ಪ್ರತಿ ಊರಿಗೂ ಇದ್ದದ್ದು ಒಂದೇ ಪ್ರಶ್ನೆ: ಅಲ್ಲಿ ನಮ್ಮವರು ಯಾರಿದ್ದಾರೆ?

"ಮದರಾಸು ಹಾಕು. ಕಮಲ ಇದಾಳೆ," ಅಂದರು ಅಪ್ಪ. "ಬೊಂಬಾಯಿ ಹಾಕು. ಮನೆ ಚಿಕ್ಕದು, ಆದ್ರೆ ಮನುಷ್ಯರು ಒಳ್ಳೇವ್ರು."

"ವಾಲ್ಟೇರು?" ಅಂದೆ ನಾನು.

"ಅಲ್ಲಿ ಸಮುದ್ರ ಬಿಟ್ರೆ ನಮಗೆ ಗೊತ್ತಿರೋರು ಯಾರೂ ಇಲ್ಲ," ಅಂದ ಶೀನು ಮಾವ.

ಇಷ್ಟು ಹೊತ್ತೂ ಕಂಬಕ್ಕೊರಗಿ ನಿಂತಿದ್ದ ಸರಸು ಆಗ ಬಾಯಿಬಿಟ್ಟಳು. "ಮಾವ, ನೆಂಟರೇ ಇಲ್ದೇ ಇರೋ ಊರು ಯಾವ್ದ್ಯಾವ್ದಿದೆ ಹೇಳಿ. ಅದನ್ನ ಮಾತ್ರ ಹಾಕೋಣ."

ಸಭೆಗೆ ಸಿಡಿಲು ಬಡಿಯಿತು ಎಂದರೆ ಕಡಿಮೆಯಾಯಿತು. ಅಪ್ಪ ಕನ್ನಡಕ ತೆಗೆದರು. ಒರೆಸದೆ ಮತ್ತೆ ಹಾಕಿಕೊಂಡರು. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. ನೆಂಟರ ಮನೆ ಬೇಡವೆನ್ನುವ ಪ್ರಾಣಿಯನ್ನು ನಮ್ಮ ವಂಶ ಅಲ್ಲಿಯವರೆಗೆ ಕಂಡಿರಲಿಲ್ಲ.

"ಏನೇ ಹಂಗಂದ್ರೆ?" ಅಂದರು ಅಪ್ಪ.

"ವಿಮಲಕ್ಕ ಟೈಪಿಂಗ್ ಕಲಿಯೋಕೆ ಅಂತ ಚಿಕ್ಕಮ್ಮನ ಮನೇಗೆ ಹೋದ್ಲಲ್ಲ ಅಪ್ಪ. ಏನ್ ಕಲಿತು ಬಂದ್ಲು?"

ಉತ್ತರ ಎಲ್ಲರಿಗೂ ಗೊತ್ತಿತ್ತು. ದೊಡ್ಡಪ್ಪನ ಮಗಳು ವಿಮಲ ಮದರಾಸಿಗೆ ಹೋದ ತಿಂಗಳಲ್ಲೇ ಚಿಕ್ಕಮ್ಮನಿಗೆ ಅವಳಿ ಗಂಡುಮಕ್ಕಳು ಹುಟ್ಟಿದರು. ವಿಮಲ ಮರಳಿ ಬಂದಾಗ ಒಂದೇ ಕಾಲಕ್ಕೆ ಎರಡು ಮಕ್ಕಳಿಗೆ ಎಣ್ಣೆ ನೀರು ಹಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಟೈಪ್ ಯಂತ್ರದ ಮೇಲೆ ಎ ಅಕ್ಷರ ಎಲ್ಲಿದೆ ಎಂದು ಮಾತ್ರ ಹುಡುಕಬೇಕಾಗಿತ್ತು. ಚಿಕ್ಕಮ್ಮ ಕೆಟ್ಟವಳಲ್ಲ. ನೆಂಟರ ಮನೆಯಲ್ಲಿ ಹೆಣ್ಣುಮಗು ಪುಸ್ತಕ ಹಿಡಿದು ಕೂತರೆ ಸುಮ್ಮನೆ ಕೂತ ಹಾಗೆ ಕಾಣುತ್ತದೆ, ಅಷ್ಟೆ.

ಶೀನು ಮಾವ ಗಂಟಲು ಸರಿಮಾಡಿಕೊಂಡ. "ಹಂಗಾದ್ರೆ ಕಾಶಿ ಇದೆ. ಹುಡುಗೀರಿಗೆ ಹಾಸ್ಟೆಲ್ಲೂ ಇದೆ. ನಮ್ಮೋರು ಒಬ್ರೂ ಇಲ್ಲ."

ಈಗ ಎಲ್ಲರ ಮುಖವೂ ಜಪಮಣಿ ಹಿಡಿದು ಮೂಲೆಯಲ್ಲಿ ಕೂತಿದ್ದ ಅಜ್ಜಿಯ ಕಡೆ ತಿರುಗಿತು. ಕಾಶಿ ಎಂದರೆ ನಮ್ಮಲ್ಲಿ ಬದುಕು ಮುಗಿಸಿಕೊಂಡು ಹೋಗುವ ಜಾಗ. ಬದುಕು ಶುರುಮಾಡಲು, ಅದೂ ಮಾತ್ರೆ ಉರುಳಿಸುವುದನ್ನು ಕಲಿಯಲು, ಹದಿನೇಳರ ಹುಡುಗಿ ಹೋಗುವುದೆಂದರೇನು? ಅಪ್ಪನಿಗೆ ಧೈರ್ಯ ಬಂತು. ತಾವು ಬೇಡವೆನ್ನುವ ಕಷ್ಟ ತಪ್ಪಿತು, ಅಜ್ಜಿಯೇ ಅನ್ನುತ್ತಾಳೆ ಎಂದು ಅವರು ಗೋಡೆಗೊರಗಿ ಕೂತರು.

ಅಜ್ಜಿ ಕೇಳಿದಳು: "ಅಲ್ಲಿಗೆ ಓದೋಕೆ ಅಂತ ನಿಜವಾಗ್ಲೂ ಹೋಗ್ತಾರೇನೋ ಶೀನು?"

"ಹೋಗ್ತಾರಮ್ಮ."

"ನಿಮ್ಮ ತಾತನೂ ಹೊರಟಿದ್ರು," ಅಂದಳು ಅಜ್ಜಿ, ನನ್ನ ಕಡೆ ತಿರುಗಿ. "ಮದುವೆ ದಿನ. ಕೊಡೆ ಹಿಡ್ಕೊಂಡು, ಕೋಲು ಊರ್ಕೊಂಡು, ಕಾಶಿಗೆ ಹೋಗಿ ಓದ್ತೀನಿ ಅಂತ. ಬೀದಿ ತಿರುವಿನ ತನಕ ಹೋಗಿದ್ರೋ ಇಲ್ವೋ, ನಮ್ಮಪ್ಪ ಮಗಳನ್ನ ಕೊಡ್ತೀನಿ ಬನ್ನಿ ಅಂದ್ರು. ತಿರುಗಿ ಬಂದೇಬಿಟ್ರು. ಅವರು ಹಂಗೇ ಹೋಗಿದ್ದಿದ್ರೆ ನಾನಾದ್ರೂ ನಾಲ್ಕಕ್ಷರ ಕಲೀತಿದ್ನೇನೋ." ಒಂದೆರಡು ಮಣಿ ಉರುಳಿಸಿ ಸೇರಿಸಿದಳು: "ಇವಳು ಹೋಗ್ಲಿ."

ಸೌತ್ ಎಂಡ್ ದಾಟಲು ಅತ್ತವಳು ಇದೇ ಅಜ್ಜಿಯೇ ಎಂದು ನಾನು ಬಗ್ಗಿ ಅವಳ ಮುಖ ನೋಡಿದೆ. ಅಪ್ಪ ಗೋಡೆಯಿಂದ ಬೆನ್ನು ತೆಗೆದರು. ಕಾಶಿಯಾತ್ರೆಯನ್ನು ನಮ್ಮ ಮನೆತನದ ಗಂಡಸರು ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದಾರೆ. ಅಪ್ಪನೂ ಮಾಡಿದವರೇ. ಕಣ್ಣಿಗೆ ಕಾಡಿಗೆ, ಕೈಗೆ ಕೊಡೆ, ಮುಖದಲ್ಲಿ ಬಾಡಿಗೆಗೆ ತಂದ ವೈರಾಗ್ಯ. ಛತ್ರದ ಬಾಗಿಲಿನಿಂದ ಹತ್ತು ಮಾರು ನಡೆದು, ಹೆಣ್ಣು ಕೊಡುವ ಮಾವ ಕರೆಯುವುದು ತಡವಾದರೆ ಹಿಂದಿರುಗಿ ನೋಡುವುದು. ಹೊರಟವರಿಗೆ ಲೆಕ್ಕವಿಲ್ಲ. ತಲುಪಿದವರ ಸುದ್ದಿ ಮಾತ್ರ ಇಲ್ಲ.

ಅರ್ಜಿ ಹೋಯಿತು. ಆಷಾಢ ಮುಗಿಯುವ ಮೊದಲೇ ಸೀಟು ಬಂತು. ತುಮಕೂರಿನವರಿಗೆ ಅಪ್ಪ ಏನು ಹೇಳಿದರೋ ಗೊತ್ತಿಲ್ಲ. ಹುಡುಗಿ ಕಾಶಿಗೆ ಹೋದಳೆಂದು ಕೇಳಿ ಅವರು ಸಂತಾಪ ಸೂಚಿಸಿದರೆಂದು ಶೀನು ಮಾವ ಇಂದಿಗೂ ಹೇಳುತ್ತಾನೆ.

ಹೊರಡುವ ಬೆಳಿಗ್ಗೆ ಗೇಟಿನ ಮುಂದೆ ಜಟಕಾ ನಿಂತಿತ್ತು. ಟ್ರಂಕು, ಹಾಸಿಗೆ ಸುರುಳಿ, ಚಟ್ನಿಪುಡಿಯ ಡಬ್ಬ, ಜೊತೆಗೆ ಹೋಗುವ ಶೀನು ಮಾವ, ಎಲ್ಲ ಒಳಗೆ ಸೇರಿದ ಮೇಲೆ ಸರಸು ಹತ್ತಿದಳು. ಗಾಡಿ ಹೊರಟು ರಸ್ತೆಯ ತಿರುವು ಮುಟ್ಟುವ ಹೊತ್ತಿಗೆ ಅಪ್ಪ ಇದ್ದಕ್ಕಿದ್ದ ಹಾಗೆ ಒಳಗೆ ಹೋಗಿ, ಹೊರಗೆ ಬಂದು, "ಸರಸೂ, ನಿಲ್ಲೇ" ಎಂದು ಕೂಗುತ್ತ ಪಂಚೆ ಎತ್ತಿಕೊಂಡು ಓಡಿದರು. ಆ ಖಾಲಿ ಬಡಾವಣೆಯಲ್ಲಿ ಕೂಗಿದರೆ ಕೇಳಿಸುತ್ತದೆ ಎಂದು ಅವತ್ತು ಗೊತ್ತಾಯಿತು. ಗಾಡಿ ನಿಂತಿತು. ಅಮ್ಮ ನನ್ನ ತೋಳು ಹಿಡಿದುಕೊಂಡಳು. "ಕರೆದೇಬಿಟ್ಟ" ಅಂದಳು ಅಜ್ಜಿ, ಬಹಳ ಮೆಲ್ಲಗೆ. ನಾನೂ ಹಾಗೇ ತಿಳಿದೆ. ನಮ್ಮಲ್ಲಿ ಈ ಜಾಗಕ್ಕೆ ಬಂದು ತಿರುಗದವರೇ ಇಲ್ಲವಲ್ಲ.

ಅಪ್ಪ ತಮ್ಮ ಕೊಡೆಯನ್ನು ಅವಳ ಕೈಗೆ ಕೊಟ್ಟು ವಾಪಸು ಬಂದರು. "ಅಲ್ಲಿ ಬಿಸಿಲು ಜಾಸ್ತಿಯಂತೆ," ಎಂದಷ್ಟೇ ಹೇಳಿ, ಪೇಪರು ಹಿಡಿದು ಕೂತರು. ಅದನ್ನು ತಲೆಕೆಳಗಾಗಿ ಹಿಡಿದಿದ್ದರೆಂದು ಬರೆದರೆ ಚೆನ್ನಾಗಿರುತ್ತಿತ್ತು, ನೇರವಾಗಿಯೇ ಹಿಡಿದಿದ್ದರು. ಆದರೆ ಪುಟ ತಿರುವಲಿಲ್ಲ.

ಸರಸು ಓದು ಮುಗಿಸಿ ಬಂದು ಈಗ ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಕೆಂಪು ನೀರು ಯಾಕೆ ಕೆಂಪೆಂದು ಅಜ್ಜಿಗೆ ಹೇಳಿದಳು; ಬಣ್ಣ ಬರೀ ಬಣ್ಣವಂತೆ, ಕೆಮ್ಮಿಗೂ ಅದಕ್ಕೂ ಸಂಬಂಧವಿಲ್ಲವಂತೆ. ಅಜ್ಜಿ ನಂಬಲಿಲ್ಲ. ಇನ್ನು ಮದುವೆಮನೆಗಳಿಗೆ ಸರಸುವನ್ನು ಕರೆದುಕೊಂಡು ಹೋಗುವುದಕ್ಕೆ ನನಗೆ ಸ್ವಲ್ಪ ಭಯ. ಮೊನ್ನೆ ಒಬ್ಬ ವರ ಕಾಡಿಗೆ ಹಚ್ಚಿಕೊಂಡು, ಕೊಡೆ ಹಿಡಿದು, ಗಂಭೀರವಾಗಿ ಕಾಶಿಗೆ ಹೊರಟಿದ್ದ. ಇವಳು ಹತ್ತಿರ ಹೋಗಿ, "ಮದರಾಸಲ್ಲಿ ಗಾಡಿ ಬದಲಾಯಿಸ್ಬೇಕು ನೋಡಿ. ಮೊದಲ ಚಳಿಗಾಲಕ್ಕೆ ಒಂದು ರಗ್ಗು ಇಟ್ಕೊಳ್ಳಿ" ಅಂದಳು.

ಹೆಣ್ಣಿನ ಅಪ್ಪ ಇನ್ನೂ ಬಾಯಿ ತೆರೆದಿರಲಿಲ್ಲ. ವರ ಆಗಲೇ ತಿರುಗಿದ್ದ.