ಬಾಗಿಲಿಂದ ಬೇವಿನ ಗಿಡದವರೆಗೆ ಆಯಿ

ಆಗೆಲ್ಲ ಶಹಾಬಾದಿನ ನಮ್ಮ ಓಣಿಯಲ್ಲಿ ಸಾಲಿ ತಪ್ಪಿಸಿದವರನ್ನು ದೊಡ್ಡ ತರಗತಿಯ ನಾಲ್ವರು ಹುಡುಗರು ಕೈಕಾಲು ಹಿಡಿದು ಸಾಲಿಗೆ ಹೊತ್ತೊಯ್ಯುತ್ತಿದ್ದರು. ಹಿಂದೆ ಮಕ್ಕಳ ಕೇಕೆ. ನಾನೂ ಎಷ್ಟೋ ಸಲ ಕೇಕೆ ಹಾಕಿದ್ದೆ. ಮೂರನೇ ಇಯತ್ತೆಯಲ್ಲಿ ನನ್ನನ್ನೇ ಹೊತ್ತರು. ಒಬ್ಬನ ಕೈ ಕಚ್ಚಿ ಮನೆಗೆ ಓಡಿ ಬಂದೆ.

ಕಾರಣ ಯಾರೂ ಕೇಳಲಿಲ್ಲ. ಅದಕ್ಕೆ ಸ್ವಲ್ಪ ಮೊದಲು, ತೊಗರಿ ರಾಶಿಯ ದಿನಗಳಲ್ಲಿ, ನಮ್ಮವ್ವ ಜ್ವರದಿಂದ ತೀರಿಕೊಂಡಿದ್ದಳು. "ಹುಡುಗಿ ನೋಡಿ ಹೆದರತಾಳ, ಸಾಲ್ಯಾಗೇ ಇರಲಿ" ಎಂದು ಹಿರಿಯರು ನನಗೆ ಸುದ್ದಿ ಮುಟ್ಟಿಸಲಿಲ್ಲ. ಸಂಜೆ ಪಾಟಿಚೀಲ ತೂಗುತ್ತ ಬಂದರೆ ಅವ್ವ ಮಲಗುತ್ತಿದ್ದ ಜಾಗ ಸಾರಿಸಿದ್ದರು; ಸೆಗಣಿ ಇನ್ನೂ ಹಸಿ ಇತ್ತು. ಮಣ್ಣು ಕೊಟ್ಟು ಬಂದಾಗಿತ್ತು. ಅವರ ಆ ಒಳ್ಳೆಯತನವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಂದಿನಿಂದ ಅಪ್ಪನ ತಾಯಿ ಆಯಿಯ ಸೆರಗು ಬಿಡಲಿಲ್ಲ, ಸಾಲಿಗೂ ಹೋಗಲಿಲ್ಲ.

ಒಂದು ದಿನ ಅಕ್ಕೋರು, ಅಂದರೆ ನಮ್ಮ ಶಿಕ್ಷಕಿ, ಒಬ್ಬರೇ ಮನೆಗೆ ಬಂದರು. ಫರಸಿ ಕಲ್ಲಿನ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತರು.

"ಸಾಲ್ಯಾಗ ಏನು ಅಂಜಿಕಿ ಅದ, ತಂಗಿ?"

"ಸಾಲ್ಯಾಗ ಏನಿಲ್ರಿ. ನಾ ಹೋದ್ರ ಆಯಿ ಸಾಯ್ತಾಳ್ರಿ."

ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕೋರು ಆಯಿಯ ಕಡೆ ತಿರುಗಿದರು. "ನಾಳಿಂದ ನೀವೂ ಬರ್ರಿ, ಆಯಿ. ತೊಗರಿ ಹಸನು ಮಾಡೋದು ಅಲ್ಲೇ ಮಾಡ್ರಿ" ಎಂದರು. ನನ್ನ ಗದ್ದ ಹಿಡಿದು, "ಮನ್ಯಾಗ ಏನಾದ್ರೂ ಆದ್ರ ಮೊದಲು ನಿನಗೇ ಹೇಳ್ತೀನಿ. ಮುಚ್ಚಿಡಂಗಿಲ್ಲ" ಎಂದರು.

ಆಯಿ ಮೊದಲ ವಾರ ತರಗತಿಯ ಬಾಗಿಲಲ್ಲೇ ಮೊರ ಹಿಡಿದು ಕುಳಿತಳು. ಮಗ್ಗಿಯ ನಡುವೆ ಮೊರದ ಸಪ್ಪಳ ನಿಂತರೆ ನನ್ನ ಬಾಯಿಯೂ ನಿಲ್ಲುತ್ತಿತ್ತು. ಮುಂದಿನ ವಾರ ಬೇವಿನ ಗಿಡದ ಕೆಳಗೆ, ಆಮೇಲೆ ಗೇಟಿನ ಹತ್ತಿರ. ಮಧ್ಯಾಹ್ನ ಇಬ್ಬರೂ ಕೂಡಿ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದೆವು. ಕೊನೆಗೆ ನಾನೇ, "ಇವತ್ತು ಮನ್ಯಾಗೇ ಕುಂದ್ರು, ಆಯಿ. ಬಿಸಲು ಭಾಳ ಅದ" ಎಂದೆ.

ಏಳನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಪಾಠದ ನಡುವೆ ಅಕ್ಕೋರು ಬಾಗಿಲಲ್ಲಿ ಬಂದು ನಿಂತರು. ಮುಖ ನೋಡಿಯೇ ಎದ್ದೆ.

"ಆಯಿಗೆ ಭಾಳ ತ್ರಾಸ ಆಗ್ಯಾದ. ಉಸುರು ಇನ್ನಾ ಅದ. ಓಡು, ನಾನೂ ಬರ್ಲಿಕತ್ತೀನಿ."

ಆಯಿ ನನ್ನ ಕೈಯಿಂದಲೇ ಕೊನೆಯ ಗುಟುಕು ನೀರು ಕುಡಿದಳು. ಮರುವಾರ ನಾನು ಯಾರೂ ಹೇಳದೆಯೇ ಸಾಲಿಗೆ ಹೋದೆ.

ಎಷ್ಟೋ ವರ್ಷಗಳ ಮೇಲೆ, ನಾನು ಗುಲ್ಬರ್ಗಾದಲ್ಲಿ ಓದುತ್ತಿದ್ದಾಗ, ಅಕ್ಕೋರು ತೀರಿಕೊಂಡರು. ನನಗೆ ಗೊತ್ತಾಗಿದ್ದು ಎಂಟು ದಿನದ ಮೇಲೆ.

"ನಿನಗ ಪರೀಕ್ಷಾ ಇತ್ತಲ್ಲವ್ವಾ, ಅದಕ್ಕ ಹೇಳಲಿಲ್ಲ" ಎಂದ ಅಪ್ಪ.

ಮೊದಲು ಬಂದು ಹೇಳುವವರೇ ಹೋಗಿದ್ದರು.